ರೀಬೋರ್

ಕೈತಾನನ ಬುಲೆಟ್ಟು ಇಪ್ಪತ್ತೆರಡು ವರ್ಷದಿಂದ ನನ್ನ ಕೈಯಲ್ಲೇ.
ಮನುಷ್ಯ ಏನು ಹೇಳುತ್ತಾನೆ ಎಂದು ನಾನು ಕೇಳುವವನಲ್ಲ,
ಗಾಡಿ ಬಿಚ್ಚಿ ನೋಡುತ್ತೇನೆ.

ಆಗೆಲ್ಲ ಅವನ ಬ್ರೇಕ್ ಶೂ ಸವೆಯುತ್ತಲೇ ಇರಲಿಲ್ಲ.
ಕ್ಲಚ್ ಪ್ಲೇಟು ತಿಂಗಳಿಗೊಮ್ಮೆ ಸುಟ್ಟು ಕರಿ,
ಹೆಡ್‌ಲೈಟಿನ ಬಲ್ಬು ಮಾತ್ರ ಅಂಗಡಿಯಿಂದ ತಂದ ಹಾಗೇ.
ತಲಪಾಡಿ ಚೆಕ್‌ಪೋಸ್ಟಿಗೆ ಬೆನ್ನು ಹಾಕಿ
ವರ್ಕಾಡಿಯ ಒಳದಾರಿಯಲ್ಲಿ, ಕತ್ತಲಿಗೆ ಕತ್ತಲಾಗಿ,
ಸೀಟಿನಡಿ ನೂರಿಪ್ಪತ್ತು ಪ್ಯಾಕೆಟು.
ಸೀಟಿನಡಿಯ ಆ ಡಬ್ಬ ಬೆಸೆದುಕೊಟ್ಟದ್ದು ನಾನೇ.

ಒಂದು ಮುಂಜಾವ, ಉಪ್ಪಳದಲ್ಲಿ ಸುಬಹಿ ಬಾಂಗು ಮುಗಿದಿತ್ತಷ್ಟೆ,
ಶಟರು ಬಡಿದ. ಹ್ಯಾಂಡಲು ಎಡಕ್ಕೆ ಬಾಗಿದೆ.
"ದನ ಅಡ್ಡ ಬಂತು, ಅಂದುಂಞಿಚ್ಚ."
ಮುಂದಿನ ಚಕ್ರದ ಸ್ಪೋಕುಗಳಿಗೆ ಸುತ್ತಿಕೊಂಡಿತ್ತು
ತೆಂಗು ಹತ್ತುವವರು ಕಾಲಿಗೆ ಹಾಕುವ ತಳೆಯ ನಾರು.
ದನ ತೆಂಗಿನ ಮರ ಹತ್ತುವುದಿಲ್ಲ.
ಇಕ್ಕಳದಲ್ಲಿ ಒಂದೊಂದೇ ಎಳೆ ತೆಗೆದೆ.
ಕೇಳಲಿಲ್ಲ.
ಮುನ್ನೂರು ರೂಪಾಯಿ ತೆಗೆದುಕೊಂಡೆ.

ಆಮೇಲಿನದ್ದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
ತಪಸ್ಸುಕಾಲದ ಒಂದು ಶುಕ್ರವಾರ, ಬೇಳದ ಇಗರ್ಜಿಯಲ್ಲಿ
ಶಿಲುಬೆಯ ಹಾದಿ. ಯೇಸು ಮೂರನೇ ಸಲ ಬೀಳುವಲ್ಲಿ
ಮೊಣಕಾಲೂರಿದವ ಏಳಲೇ ಇಲ್ಲವಂತೆ,
ಊರಿಡೀ ಮುಂದಿನ ಚಿತ್ರಕ್ಕೆ ಸರಿದರೂ.
ಕುಮ್ಸಾರಕ್ಕೆ ಹೋದಾಗ ಫಾದರು ಅಂದದ್ದು ಇಷ್ಟೇ ಎಂದು ಅವನೇ ಹೇಳಿದ:
"ದೇವರ ಬಾಕಿ ಇಲ್ಲಿ ತೀರಿತು, ಕೈತಾನ್.
ಆ ಮನುಷ್ಯನ ಬಾಕಿ ಆಸ್ಪತ್ರೆಯಲ್ಲಿದೆ."

ಠಾಣೆಯಲ್ಲಿ ಎಲ್ಲ ಒಪ್ಪಿಕೊಂಡ: ಪ್ಯಾಕೆಟು, ದಾರಿ, ಗಂಟೆ, ನಿಲ್ಲದೆ ಓಡಿದ್ದು.
ನಾರು ಬಿಡಿಸಿದ ಕೈಯ ಹೆಸರು ಹೇಳಲಿಲ್ಲ.

ಕಣ್ಣೂರು ಜೈಲಿನಿಂದ ಬಂದ ಎರಡನೇ ತಿಂಗಳು
ಮೀಟರು ಒಂಬತ್ತುಗಳನ್ನೆಲ್ಲ ಮುಗಿಸಿ ಸೊನ್ನೆಗೆ ತಿರುಗಿತು.
"ನೋಡಿ, ಹೊಸ ಹುಟ್ಟು!" ಎಂದಳು ಅವನ ಹೆಂಡತಿ ಸೆವ್ರಿನಾ.
ಎಂಜಿನ್ ಬಿಚ್ಚಿದೆ. ಹಳೆಯದೇ.
ಗೀರು, ಮಸಿ, ಓಡಿದ ಅಷ್ಟೂ ರಾತ್ರಿಗಳು ಗೋಡೆಯ ಮೇಲೆ.
ಎಂಜಿನ್ನಿಗೆ ಹೊಸ ಹುಟ್ಟಿಲ್ಲ ಮಾರಾಯ್ತಿ, ರೀಬೋರ್ ಇದೆ:
ಗೀರಾದ ಗೋಡೆಯನ್ನೇ ಇನ್ನಷ್ಟು ಕೊರೆದು
ಒಳಗೆ ತುಸು ಜಾಸ್ತಿ ಜಾಗ ಮಾಡಿ
ದೊಡ್ಡ ಪಿಸ್ಟನ್ನು ಕೂರಿಸುವುದು.
ಮೊದಲ ಐನೂರು ಕಿಲೋಮೀಟರು ಮೆಲ್ಲ ಹೋಗಬೇಕು.
ಮೆಲ್ಲ ಹೋದ.

ಈಗ ಬ್ರೇಕ್ ಶೂ ವರ್ಷಕ್ಕೆರಡು ಸಲ ಬದಲಿಸುತ್ತೇನೆ.
ಹಿಂದಿನ ಫುಟ್‌ರೆಸ್ಟಿನ ಎಡ ರಬ್ಬರು ನುಣ್ಣಗೆ ಸವೆದಿದೆ,
ಬಲದ್ದು ಹೊಸತು.
ಹಿಂದೆ ಕೂರುವವನಿಗೆ ಅಲ್ಲಿಡಲು ಕಾಲಿಲ್ಲ.

ಆರು ಭಾನುವಾರ, ಪೂಜೆ ಮುಗಿಸಿ ನೇರ
ಕುಂಞಣ್ಣನ ಅಂಗಳಕ್ಕೆ ಹೋಗಿ ನಿಂತನಂತೆ ಕೈತಾನ.
ಏಳನೆಯದಕ್ಕೆ ಅವನು ಬಾಯಿಬಿಟ್ಟ. ಕ್ಷಮಿಸಿದೆ ಅನ್ನಲಿಲ್ಲ.
"ದಿನಕ್ಕೆ ಮೂವತ್ತು ಮರ ಹತ್ತುತ್ತಿದ್ದೆ.
ಮೇಲಿನಿಂದ ಕಡಲು ಕಾಣುತ್ತಿತ್ತು.
ಎತ್ತರ ತೋರಿಸು."

ಮೊದಲ ವರ್ಷ ಪೊಸಡಿಗುಂಪೆ. ಮತ್ತೆ ಊಟಿ, ಕೊಡೈಕನಾಲ್.
ಹೋದ ವರ್ಷ ಲಡಾಖು, ಹದಿನೆಂಟು ಸಾವಿರ ಅಡಿ,
ಇಬ್ಬರಿಗೂ ಮೂಗಿನಲ್ಲಿ ರಕ್ತ.
ಕೈತಾನ ಹೆಪ್ಪುಗಟ್ಟಿದ ಬೆರಳಲ್ಲಿ ಜಪಸರ ಎಣಿಸುತ್ತಿದ್ದರೆ
ಕುಂಞಣ್ಣ ನಾಲ್ಕೂ ಸುತ್ತ ನೋಡಿ,
"ಇಷ್ಟು ದೂರ ಬಂದು ಒಂದೂ ತೆಂಗಿಲ್ಲವಲ್ಲ!" ಎಂದು
ಬೈದು, ನಕ್ಕುಬಿಟ್ಟನಂತೆ.
ಏಳು ವರ್ಷದಲ್ಲಿ ಅದೇ ಮೊದಲು.

ನಾಳೆ ಮತ್ತೆ ಹೊರಡುತ್ತಾರೆ, ತವಾಂಗಿಗಂತೆ.
ಊರುಗೋಲು ಸಿಕ್ಕಿಸಲು ಬದಿಗೊಂದು ಕೊಳವೆ ಬೆಸೆದಿದ್ದೇನೆ,
ಆ ಹಳೆಯ ಡಬ್ಬದ ತಗಡಿನಿಂದಲೇ.
"ಎಷ್ಟಾಯಿತು?" ಎಂದ ಕುಂಞಣ್ಣ,
ನನ್ನ ಬೆಂಚಿನಲ್ಲಿ ಕೂತು ಚಾ ಕುಡಿಯುತ್ತ.
ನಟ್ಟು ಬೋಲ್ಟಿನ ಡಬ್ಬಿಯ ತಳದಲ್ಲಿ
ಒಂದೆಳೆ ನಾರು ಈಗಲೂ ಇದೆ.
ಡಬ್ಬಿ ಎತ್ತಿಕೊಂಡೆ.
ಏನೋ ಹುಡುಕುವವನ ಹಾಗೆ ಅಲುಗಾಡಿಸಿದೆ, ತುಂಬ ಹೊತ್ತು.
ಅವನು ಕಾಯುತ್ತಿದ್ದ.